‘ಗಾಡಿ ಪೂರ್ತಿ ನಿಮ್ದೇ’ ಅನ್ನುವ ಪೆಟ್ ಟ್ಯಾಕ್ಸಿಯವರಿಗೆ ದುಡ್ಡು ಕಟ್ಟುವ ಮುಂಚೆ ಓದಿ

ಬೆಕ್ಕನ್ನು ಕಾರಲ್ಲಿ ದೂರದ ಊರಿಗೆ ಕರೆದುಕೊಂಡು ಹೋಗಲು ಪೆಟ್ ಟ್ಯಾಕ್ಸಿ ಹುಡುಕುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ. ದುಡ್ಡು ಕಟ್ಟುವ ಮುಂಚೆ ಓದಿ. ಕಟ್ಟಿದ ಮೇಲೆ ಅವರು ಫೋನ್ ಎತ್ತಲ್ಲ.

ಬೆಂಗಳೂರಿನಿಂದ ಮಂಗಳೂರಿಗೆ ಮನೆ ಬದಲಾಯಿಸುತ್ತಿದ್ದೆವು. ಸಾಮಾನಿನ ಲಾರಿ ಹಿಂದಿನ ದಿನವೇ ಹೊರಟಿತ್ತು, ನಮ್ಮ ಯಜಮಾನರೂ ಅದರ ಜೊತೆ ಹೋಗಿದ್ದರು. ಉಳಿದವರು ನಾನು ಮತ್ತು ನಮ್ಮ ಬೆಕ್ಕು ಪುಟ್ಟಿ. ರೈಲಿನಲ್ಲಿ ಬೆಕ್ಕು ನಮ್ಮ ಜೊತೆಗೇ ಇರಬೇಕು ಅಂದರೆ ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆಯೋ ನಾಲ್ವರ ಕ್ಯಾಬಿನ್ನೋ ಪೂರ್ತಿ ಸಿಗಬೇಕು. ಇಲ್ಲದಿದ್ದರೆ ಸಾಮಾನು ಸಾಗಿಸುವ ಬ್ರೇಕ್ ವ್ಯಾನ್. ಅದರ ಮಾತೇ ಬೇಡ. ಮಾಮೂಲಿ ಟ್ಯಾಕ್ಸಿಯವರು ಬೆಕ್ಕು ಅಂದ ಕೂಡಲೇ ಸೀಟ್ ಹಾಳಾಗುತ್ತೆ ಅನ್ನುತ್ತಾರೆ. ಹಾಗಾಗಿ ಹುಡುಕಿದಾಗ ಈ ಪೆಟ್ ಟ್ಯಾಕ್ಸಿಯವರು ಸಿಕ್ಕಿದರು. ದೂರು ಇನ್ನೂ ನಡೆಯುತ್ತಿದೆ, ಅದಕ್ಕೇ ಹೆಸರು ಬರೆಯುತ್ತಿಲ್ಲ.

14,000 ರೂಪಾಯಿ. ಟೋಲ್, ಡ್ರೈವರ್ ಬಾಟಾ ಎಲ್ಲ ಸೇರಿ. ಪೂರ್ತಿ ಮೊದಲೇ ಕಟ್ಟಬೇಕು. ಬೇರೆ ಪ್ರಾಣಿ ಇರುತ್ತಾ ಅಂತ ಮತ್ತೆ ಮತ್ತೆ ಕೇಳಿದೆ. ‘ಇಲ್ಲ ಮೇಡಂ, ಗಾಡಿ ಪೂರ್ತಿ ನಿಮ್ದೇ. ಎಸಿ ಫುಲ್ ಟೈಮ್ ಆನ್ ಇರುತ್ತೆ.’ ಇದು ಫೋನಿನಲ್ಲಿ. ಅದೇ ಪ್ರಶ್ನೆಯನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿದರೆ ಬಂದ ಉತ್ತರ ಬರೀ ಒಂದು ಹೆಬ್ಬೆರಳಿನ ಚಿತ್ರ. ಯಾಕೆ ಹಾಗೆ ಅಂತ ಈಗ ಗೊತ್ತಾಗುತ್ತಿದೆ.

ಬೆಳಿಗ್ಗೆ ಬಂದದ್ದು ವೈಟ್ ಬೋರ್ಡ್ ಗಾಡಿ. ‘ಯೆಲ್ಲೋ ಬೋರ್ಡ್ ಗಾಡಿ ಸರ್ವಿಸ್‌ಗೆ ಹೋಗಿದೆ, ಇದೂ ನಮ್ದೇ’ ಅಂದ ಡ್ರೈವರ್. ಮನೆ ಓನರ್ ಕೀ ತೆಗೆದುಕೊಳ್ಳಲು ಬಾಗಿಲಲ್ಲೇ ನಿಂತಿದ್ದರು. ಖಾಲಿ ಮನೆ, ಬುಟ್ಟಿಯಲ್ಲಿ ಕೂಗುತ್ತಿರುವ ಬೆಕ್ಕು. ಬೇರೆ ಗಾಡಿ ಎಲ್ಲಿಂದ ತರಲಿ? ವೈಟ್ ಬೋರ್ಡ್ ಅಂದರೆ ಬಿಳಿ ನಂಬರ್ ಪ್ಲೇಟಿನ, ಸ್ವಂತಕ್ಕೆ ಇಟ್ಟುಕೊಂಡ ಗಾಡಿ, ಬಾಡಿಗೆಗೆ ಓಡಿಸುವ ಹಾಗಿಲ್ಲ. ದಾರಿಯಲ್ಲಿ ಏನಾದರೂ ಆದರೆ ಅದರ ಇನ್ಶೂರೆನ್ಸ್ ನಮ್ಮ ಕೈ ಹಿಡಿಯದೇ ಹೋಗಬಹುದು.

ನೆಲಮಂಗಲದ ಹತ್ತಿರ ಗಾಡಿ ಸೈಡಿಗೆ ಹಾಕಿದ. ಟೀ ಕುಡಿಯೋಕೆ ಅಂದುಕೊಂಡೆ. ಯಾರೋ ಹುಡುಗ ಒಂದು ದೊಡ್ಡ ಲ್ಯಾಬ್ರಡಾರ್ ಹಿಡಿದುಕೊಂಡು ಬಂದ. ಡ್ರೈವರ್ ಹಿಂದಿನ ಬಾಗಿಲು ತೆಗೆದ, ನಾಯಿ ಹತ್ತಿತು. ಅದಕ್ಕೆ ಕ್ರೇಟ್ ಇಲ್ಲ, ಕಟ್ಟಿಯೂ ಹಾಕಿಲ್ಲ. ನನ್ನ ಸೀಟಿನ ಹಿಂದೆಯೇ ಅದರ ಮೂತಿ. ಪುಟ್ಟಿ ಬುಟ್ಟಿಯ ಮೂಲೆಗೆ ಸೇರಿ ಕಿವಿ ಚಪ್ಪಟೆ ಮಾಡಿಕೊಂಡು ಕೂತಳು.

‘ಏನಿದು?’ ಅಂದೆ.

‘ಪೆಟ್ ಟ್ಯಾಕ್ಸಿ ಅಲ್ವಾ ಮೇಡಂ, ಪೆಟ್ ಇರುತ್ತೆ.’

ಹೀಗೇ ಹೇಳಿದ. ನಾನೇ ಏನೋ ತಿಳಿಯದವಳ ಹಾಗೆ ಕೇಳಿದೆ ಅನ್ನುವ ಧಾಟಿಯಲ್ಲಿ. ಆಫೀಸಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಬಂತು: ‘ನಾಯಿ ತುಂಬಾ ಸಾಧು, ಅಡ್ಜಸ್ಟ್ ಮಾಡ್ಕೊಳ್ಳಿ.’ ನಾಯಿ ಸಾಧುವೇ, ಪಾಪ. ಬೆಕ್ಕಿಗೆ ಅದು ಗೊತ್ತಾಗುತ್ತಾ?

ಕುಣಿಗಲ್ ದಾಟಿದ ಮೇಲೆ ಎಸಿ ಆಫ್. ಏಪ್ರಿಲ್ ತಿಂಗಳು! ಕೇಳಿದರೆ ‘ಎಸಿ ಹಾಕಿದ್ರೆ ನಾಯಿಗೆ ಶೀತ ಆಗುತ್ತೆ.’ ಕಿಟಕಿ ಇಳಿಸಿದರೆ ಬಿಸಿಗಾಳಿ, ಜೊತೆಗೆ ಲಾರಿಗಳ ಹಾರ್ನ್. ಚನ್ನರಾಯಪಟ್ಟಣದ ಹತ್ತಿರ ಊಟಕ್ಕೆ ಅಂತ ಬಿಸಿಲಲ್ಲಿ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟ. ಜಗಳ ಮಾಡಿ ನಾಯಿಯನ್ನೂ ಇಳಿಸಿಕೊಂಡೆ. ಮರದ ಕೆಳಗೆ ಒಂದು ಕೈಯಲ್ಲಿ ಬೆಕ್ಕಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಯಾರದೋ ನಾಯಿಯ ಹಗ್ಗ. ಹೋಗುವವರೆಲ್ಲ ನೋಡುತ್ತಿದ್ದರು. ಅಳು ಬಂತು.

ನಾಯಿಯ ಕತ್ತಿನ ಪಟ್ಟಿಯಲ್ಲಿ ಒಂದು ನಂಬರ್ ಇತ್ತು. ಫೋನ್ ಮಾಡಿದೆ. ಆ ಕಡೆ ಒಬ್ಬ ಹೆಂಗಸು. ಅವರಿಗೆ ಗಾಡಿಯಲ್ಲಿ ನಾನಿದ್ದೇನೆ ಅಂತಲೂ ಗೊತ್ತಿಲ್ಲ, ಬೆಕ್ಕಿದೆ ಅಂತಲೂ ಗೊತ್ತಿಲ್ಲ. ಎಷ್ಟು ಕಟ್ಟಿದ್ರಿ ಅಂತ ಕೇಳಿದೆ. 14,000. ‘ಗಾಡಿ ಪೂರ್ತಿ ನಿಮ್ದೇ’ ಅಂತಲೇ ಅವರಿಗೂ ಹೇಳಿದ್ದರು! ಅಕ್ಷರ ವ್ಯತ್ಯಾಸ ಇಲ್ಲ. ಒಂದೇ ಗಾಡಿ, ಒಂದೇ ದಾರಿ, ಇಬ್ಬರ ಹತ್ತಿರವೂ ಪೂರ್ತಿ ಬಾಡಿಗೆ. ಮೈ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ.

ಹಾಸನ ಬರುವಷ್ಟರಲ್ಲಿ ಪುಟ್ಟಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಜೊಲ್ಲು ಸುರಿದು ಗದ್ದದ ಕೂದಲು ಅಂಟಿಕೊಂಡಿತ್ತು. ಬುಟ್ಟಿಯ ಪ್ಲಾಸ್ಟಿಕ್ ತಳದಲ್ಲಿ ಅವಳ ಪಾದದ ಬೆವರಿನ ಒದ್ದೆ ಗುರುತು. ನಾಯಿ ಬಾಯಿ ತೆರೆದು ಉಸಿರಾಡುವುದು ಮಾಮೂಲಿ. ಬೆಕ್ಕು ಹಾಗೆ ಮಾಡಿದರೆ ಅದು ಅಪಾಯದ ಲಕ್ಷಣ, ಕಾಯಬಾರದು. ಆಫೀಸಿಗೆ ವಿಡಿಯೋ ಕಳಿಸಿದೆ. ಬಂದ ಉತ್ತರ: ‘ಅರ್ಧ ಅವೋಮಿನ್ ಕೊಡಿ, ಮಲಗುತ್ತೆ.’ ಅದು ಪ್ರಯಾಣದಲ್ಲಿ ವಾಂತಿ ಆಗದಿರಲಿ ಅಂತ ಮನುಷ್ಯರು ನುಂಗುವ ಮಾತ್ರೆ.

ಹಾಸನದಲ್ಲೇ ಇಳಿದು ಆಟೋದಲ್ಲಿ ಒಬ್ಬ ಪಶುವೈದ್ಯರ ಹತ್ತಿರ ಓಡಿದೆ. ಬೆಕ್ಕಿನ ಮೈ ಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಇರುತ್ತದೆ. ಇವಳದು 40 ದಾಟಿತ್ತು. ಪಾದ, ಕಿವಿಗಳಿಗೆ ತಣ್ಣೀರು ಒರೆಸಿ, ಫ್ಯಾನ್ ಕೆಳಗೆ ಇಟ್ಟು ನಿಧಾನಕ್ಕೆ ಇಳಿಸಿದರು. ಐಸ್ ನೀರು ಹಾಕಬೇಡಿ ಅಂದರು. ಮಾತ್ರೆಯ ಮಾತು ಕೇಳಿ ಅವರಿಗೇ ಸಿಟ್ಟು ಬಂತು. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಬೆಕ್ಕಿಗೆ ಕೊಡಲೇಬಾರದಂತೆ. ಪ್ಯಾರಾಸಿಟಮಾಲ್ ಆದರೆ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಅಲ್ಲಿಂದ ಸ್ಟ್ಯಾಂಡಿನ ಯೆಲ್ಲೋ ಬೋರ್ಡ್ ಟ್ಯಾಕ್ಸಿ ಮಾಡಿಕೊಂಡೆ. ಆ ಡ್ರೈವರ್ ಅಣ್ಣ ಸೀಟಿಗೆ ಹಳೆಯ ಬೆಡ್‌ಶೀಟ್ ಹಾಸಿ, ಬುಟ್ಟಿಗೆ ತಾವೇ ಸೀಟ್‌ಬೆಲ್ಟ್ ಹಾಕಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ಮೆಲ್ಲಗೆ ಇಳಿಸಿದರು. ಪುಟ್ಟಿ ಮಲಗಿಬಿಟ್ಟಳು. ಪೆಟ್ ಟ್ಯಾಕ್ಸಿ ಅನ್ನುವ ಬೋರ್ಡ್ ಬೇಕಾಗಿಯೇ ಇರಲಿಲ್ಲ.

ಮರುದಿನ ದುಡ್ಡು ವಾಪಸ್ ಕೇಳಿದೆ. ‘ನೀವೇ ದಾರಿಯಲ್ಲಿ ಇಳಿದಿದ್ದು, ರೀಫಂಡ್ ಬರಲ್ಲ.’ ಅಷ್ಟೇ ಅಲ್ಲ, ಬೆಕ್ಕಿನ ಜೊಲ್ಲಿಗೆ 1,500 ಕ್ಲೀನಿಂಗ್ ಚಾರ್ಜ್ ಅಂತ ಬಿಲ್! ಜೊಲ್ಲು ಬಿದ್ದದ್ದು ನನ್ನ ಬುಟ್ಟಿಯಲ್ಲಿ. ರಿವ್ಯೂ ಹಾಕಿದ ಮೇಲೆ ತಾವಾಗಿಯೇ ಫೋನ್ ಮಾಡಿದರು, ‘ಅದನ್ನ ತೆಗೀರಿ, 2,000 ಹಾಕ್ತೀವಿ.’ ತೆಗೆಯಲ್ಲ.

ಪೂರ್ತಿ ದುಡ್ಡು ಮೊದಲೇ ಕೇಳಿದರೆ ಬೇಡ ಅನ್ನಿ. ಗಾಡಿ ನಂಬರ್ ಹಿಂದಿನ ದಿನವೇ ಕೇಳಿ. ‘ಬೇರೆ ಪ್ರಾಣಿ ಇರಲ್ಲ’ ಅನ್ನುವುದನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ, ಹೆಬ್ಬೆರಳು ಸಾಲದು. ಹೊರಡುವ ಮೂರು ನಾಲ್ಕು ಗಂಟೆ ಮುಂಚಿನಿಂದ ಬೆಕ್ಕಿಗೆ ಊಟ ಹಾಕಬೇಡಿ, ನೀರು ಕೊಡಿ. ದಾರಿಯ ಊರುಗಳ ಪಶುವೈದ್ಯರ ನಂಬರ್ ಇಟ್ಟುಕೊಳ್ಳಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಲ್ಯಾಬ್ರಡಾರ್ ಮನೆಯವರೂ ಕೊಟ್ಟಿದ್ದಾರೆ. ಇದೇ ಮಾತು ಕೇಳಿ ದುಡ್ಡು ಕಳೆದುಕೊಂಡವರು ಇನ್ನೂ ಇದ್ದರೆ ಆ ಮೆಸೇಜ್‌ಗಳನ್ನು ಡಿಲೀಟ್ ಮಾಡಬೇಡಿ. ನೀವೂ ದೂರು ಕೊಡಿ.