ಹಳೇ ನಾಣ್ಯ ಓದಿಸೋಕೆ ಕೊಡ್ತೀರಾ? ಆನೆ ಯಾವ ಕಡೆ ನೋಡ್ತಿದೆ ಅಂತ ಮೊದಲು ನೋಡಿಕೊಳ್ಳಿ

ಬರೆಯೋಕೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ. ಇನ್ನೊಬ್ಬರು ನನ್ನ ಹಾಗೆ ಪೆದ್ದಾಗಬಾರದು.

ಮಂಡ್ಯದ ನಮ್ಮ ಮನೆಯಲ್ಲಿ ಅಜ್ಜಿಯ ಎಲೆಅಡಿಕೆ ಡಬ್ಬಿ ಇದೆ. ಅದರೊಳಗೆ ಒಂಬತ್ತು ತಾಮ್ರದ ನಾಣ್ಯ. ಸವೆದು ಸವೆದು ಅಕ್ಷರ ಯಾವುದು, ಗೀರು ಯಾವುದು ಗೊತ್ತಾಗುತ್ತಿರಲಿಲ್ಲ. ಒಂದರಲ್ಲಿ ಮಾತ್ರ ಆನೆ ಚೆನ್ನಾಗಿ ಕಾಣುತ್ತಿತ್ತು, ಸೊಂಡಿಲು ಎಡಕ್ಕೆ. ಯಾವ ಕಾಲದ್ದು ಅಂತ ತಿಳಿಯೋ ಆಸೆ ಅಷ್ಟೇ, ಮಾರೋ ಯೋಚನೆ ಇರಲಿಲ್ಲ. ಮೈಸೂರಲ್ಲಿ ಒಬ್ಬರಿದ್ದಾರೆ, ಎಂಥಾ ಸವೆದ ನಾಣ್ಯ ಆದರೂ ಓದುತ್ತಾರೆ ಅಂತ ಪರಿಚಯದವರು ಹೇಳಿದರು. ಬಸ್ ಹತ್ತಿದೆ.

ಹೋದವನೇ ಮೇಜಿನ ಮೇಲೆ ಡಬ್ಬಿ ಸುರಿದು "ಇವೇನು ಅಂತ ನನಗೇನೂ ಗೊತ್ತಿಲ್ಲ ಸಾರ್" ಅಂದೆ. ನಾನೇ ಬಾಯಿಬಿಟ್ಟು ಹೇಳಿದೆ!

ಆತ ಭೂತಗನ್ನಡಿ ಹಿಡಿದ. ಆನೆ ನಾಣ್ಯವನ್ನು ಸ್ವಲ್ಪ ಜಾಸ್ತಿಯೇ ಹೊತ್ತು ನೋಡಿದ, ಅದು ಈಗ ನೆನಪಾಗುತ್ತಿದೆ. ಆಮೇಲೆ "ಇಸವಿ 6221 ಅಂತಿದೆ. ಅಂಥಾ ಇಸವಿ ಎಲ್ಲಾದ್ರೂ ಉಂಟಾ? ಜಾತ್ರೇಲಿ ಮಾರೋ ಬಿಲ್ಲೆ ಇದು" ಅಂದ. ತಲೆಯಾಡಿಸಿದೆ. ಇನ್ನೊಂದನ್ನು "ಡಚ್ಚರದು" ಅಂದ. ಅದಕ್ಕೂ ತಲೆಯಾಡಿಸಿದೆ. "ಕೊಳೆ ಕೂತಿದೆ ಸಾರ್, ಎರಡು ದಿನ ಬಿಡಿ, ತೊಳೆದು ಓದಿಕೊಡ್ತೀನಿ." ಒಂದಕ್ಕೆ 150ರಂತೆ 1,350 ರೂಪಾಯಿ ಮುಂಗಡ. ಚೀಟಿ ಕೇಳಿದರೆ "ನಂಬಿಕೆ ಇಲ್ವಾ ಸಾರ್?" ಅಂದ. ಎದುರಿಗೆ ಕೂತವರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ, ಅಲ್ವಾ? ಸುಮ್ಮನಾದೆ.

ಮೂರನೇ ದಿನ ಹೋದರೆ ಒಂಬತ್ತೂ ಹುಣಸೆಹಣ್ಣು ಹಾಕಿ ಉಜ್ಜಿದ ತಂಬಿಗೆ ಥರ ಫಳಫಳ. ಹಳೇ ನಾಣ್ಯ ಹಾಗೆ ಉಜ್ಜಲೇಬಾರದಂತೆ, ಉಳಿದಿರೋ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ನನಗೇನು ಗೊತ್ತು, ಖುಷಿಯಾಗಿ ತಂದೆ. ಮನೆಯಲ್ಲಿ ಪೇಪರ್ ಮೇಲೆ ಹರಡಿದೆ. ಎದೆ ಧಸಕ್ಕೆಂದಿತು. ಆನೆ ಬಲಕ್ಕೆ ನೋಡುತ್ತಿದೆ!

ಪುಣ್ಯಕ್ಕೆ ಕೊಡುವ ಮುಂಚೆ ಒಂದು ಫೋಟೊ ತೆಗೆದಿದ್ದೆ. ಫೋನ್ ಮಾಡಿದೆ.

"ಮೊಬೈಲಲ್ಲಿ ಉಲ್ಟಾ ಬರುತ್ತೆ ಸಾರ್, ಸೆಲ್ಫಿ ಥರ."

ಒಂದರೆಕ್ಷಣ ನಂಬಿಯೂ ಬಿಟ್ಟೆ ನೋಡಿ! ಆಮೇಲೆ ಫೋಟೊ ದೊಡ್ಡದು ಮಾಡಿದೆ. ನಾಣ್ಯದ ಕೆಳಗಿದ್ದ ಪೇಪರಿನ ಅಕ್ಷರ ನೆಟ್ಟಗೇ ಇವೆ. ಹೇಳಿದೆ.

"ಹಂಗಾದ್ರೆ ಹಿಂದುಮುಂದಾಗಿ ಇಟ್ಟಿದ್ದೀರಿ."

"ಎರಡೂ ಕಡೆ ಆನೆ ಇರುತ್ತೇನ್ರೀ?"

"ಏನೂ ಗೊತ್ತಿಲ್ಲ ಅಂದೋರು ನೀವೇ. ಈಗ ನನಗೇ ಪಾಠ ಹೇಳ್ತೀರಾ?"

ಫೋನ್ ಕಟ್. ಆ ಮಾತು ಇವತ್ತಿಗೂ ಉರಿಯುತ್ತದೆ. ದುಡ್ಡಿಗಿಂತ ಜಾಸ್ತಿ ಅದೇ ಉರಿಯುತ್ತದೆ.

ಪುರಾತತ್ವ ಓದಿದ ಗೆಳೆಯನಿಗೆ ತೋರಿಸಿದೆ. 6221 ಅಂತ ಕೇಳಿ ಹಣೆ ಚಚ್ಚಿಕೊಂಡ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆ ಅನ್ನೋ ವರ್ಷದೆಣಿಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸುತ್ತಿದ್ದನಂತೆ. ಅದು 1226, ಅಂದರೆ ಹೆಚ್ಚುಕಡಿಮೆ 1798. ಶ್ರೀರಂಗಪಟ್ಟಣ ಬೀಳೋಕೆ ಒಂದು ವರ್ಷ ಮುಂಚಿನದು. ನನಗೆ ವಾಪಸ್ ಬಂದದ್ದರ ಅಂಚಿನಲ್ಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಇರುತ್ತಲ್ಲ, ಅಂಥ ಒಂದು ಸಣ್ಣ ಗೆರೆ. ಎರಡು ಅಚ್ಚು ಕೂಡಿಸಿ ಲೋಹ ಸುರಿದದ್ದು. ಟಿಪ್ಪು ಕಾಲದಲ್ಲಿ ಸುತ್ತಿಗೆಯಲ್ಲಿ ಹೊಡೆದು ಮುದ್ರೆ ಹಾಕುತ್ತಿದ್ದರು, ಆ ಗೆರೆ ಬರೋ ಹಾಗೇ ಇಲ್ಲ.

ಇನ್ನು ಆ "ಡಚ್ಚರದು". ಗೆಳೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿಗೆ ತಾಗಿಸಿ ಪಕ್ಕದಿಂದ ಬಿಟ್ಟ. ನಾಣ್ಯ ಮೆಲ್ಲಗೆ ತಿರುಗಿಸಿದ. ನೆರಳಲ್ಲಿ ಎದ್ದು ಬಂತು: "ಯಿಲಿ ಕಾ". ಮಯಿಲಿ ಕಾಸು! ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಕನ್ನಡ ಅಕ್ಷರ ಕಣ್ರೀ. ಕನ್ನಡವನ್ನು ಡಚ್ ಅಂದ, ನಾನೂ ಹೂಂ ಅಂದೆ.

ದಯವಿಟ್ಟು ನಾಣ್ಯ ಯಾರ ಹತ್ತಿರವೂ ಬಿಟ್ಟು ಬರಬೇಡಿ. ಎರಡೂ ಮುಖದ ಫೋಟೊ, ಅಂಚಿನದೂ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಚಿನ್ನದಂಗಡಿಯಲ್ಲಿ ತೂಕ ಹಾಕಿಸಿ ಬರೆದಿಡಿ. ನಾನು ತೂಕ ಹಾಕಿಸಿರಲಿಲ್ಲ, ಅದಕ್ಕೇ ಈಗ ಕೈಯಲ್ಲಿ ಒಂದು ಫೋಟೊ ಬಿಟ್ಟರೆ ಏನಿಲ್ಲ. ಮೈಸೂರಲ್ಲೇ ರಾಜ್ಯ ಪುರಾತತ್ವ ಇಲಾಖೆ ಇದೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಇದೆ. ಅಲ್ಲಿಗೆ ಹೋಗೋದು ಬಿಟ್ಟು ನಾನು ಇವನ ಹತ್ತಿರ ಹೋದೆ. "ನನಗೇನೂ ಗೊತ್ತಿಲ್ಲ" ಅಂತ ಮಾತ್ರ ಹೇಳಬೇಡಿ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಡಬ್ಬಿಯಲ್ಲಿ ಒಂಬತ್ತು ಇವೆ. ಎಣಿಸಿದರೂ ಗೊತ್ತಾಗಲ್ಲ.