ಅಪ್ಪನ ಕ್ಯಾಲ್ಸಿಯಂ: ಯಾವ ಟೆಸ್ಟ್ ನಿಜ ಹೇಳಿತು?

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಸ್ಕ್ವಾಮಸ್ ಅನ್ನುವ ಬಗೆ. ಒಂದು ವಾರ ಹಗಲೆಲ್ಲ ಮಂಪರು, ಮಲಬದ್ಧತೆ, ರಾತ್ರಿಯೆಲ್ಲ ನೀರು ನೀರು ಅನ್ನುವುದು, ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು. ನೋವಿಗೆ ಮಾರ್ಫಿನ್ ಮಾತ್ರೆ ನಡೀತಿತ್ತು, ಅದರದ್ದೇ ಕಿತಾಪತಿ ಅಂತ ನಾವೇ ತೀರ್ಮಾನಿಸಿಬಿಟ್ಟೆವು.

ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೂ ಹೀಗೇ ಆಗುತ್ತದಂತೆ. ಅದಕ್ಕೆ ಮೊದಲು ಮಾಡಿಸಿದ್ದು ಮಾಮೂಲಿ ಸೀರಂ ಕ್ಯಾಲ್ಸಿಯಂ, ಅಂದರೆ ರಕ್ತದ ಒಟ್ಟು ಕ್ಯಾಲ್ಸಿಯಂ. 10.4 ಮಿಲಿಗ್ರಾಂ ಬಂತು, ರಿಪೋರ್ಟ್‌ನಲ್ಲಿ ಮಿತಿ 8.5ರಿಂದ 10.5. ದಪ್ಪಕ್ಷರವಿಲ್ಲ, ಗುರುತಿಲ್ಲ. ಅಬ್ಬಾ ಅಂತ ಮನೆಗೆ ಬಂದೆವು. ಅಗ್ಗ, ಎಲ್ಲಾ ಕಡೆ ಸಿಗುತ್ತದೆ, ಸಂಜೆಗೇ ಕೈಗೆ ಬರುತ್ತದೆ, ಆದರೆ ನಮಗೆ ಮೋಸ ಮಾಡಿದ್ದೂ ಇದೇ. ರಕ್ತದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 40 ಭಾಗ ಪ್ರೋಟೀನ್‌ಗೆ, ಅದರಲ್ಲೂ ಅಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ದೇಹದ ಮೇಲೆ ಪರಿಣಾಮ ಮಾಡುವುದು ಅಂಟದೆ ಬಿಡಿಯಾಗಿರುವ ಕ್ಯಾಲ್ಸಿಯಂ. ಕಾಯಿಲೆಯಲ್ಲಿ ಸೊರಗಿದವರ ಅಲ್ಬುಮಿನ್ ಇಳಿದಿರುತ್ತದೆ, ಹಾಗಾಗಿ ಬಿಡಿ ಕ್ಯಾಲ್ಸಿಯಂ ಏರಿದ್ದರೂ ಒಟ್ಟು ಅಂಕಿ ಸಾಧುವಾಗಿ ಕೂತಿರುತ್ತದೆ.

ಡಾಕ್ಟರ್ ರಿಪೋರ್ಟಿನ ಅಂಚಿನಲ್ಲೇ ಪೆನ್ನಿಂದ ಲೆಕ್ಕ ಹಾಕಿದರು. 4ರಲ್ಲಿ ಅಲ್ಬುಮಿನ್ ಕಳೆದು, 0.8ರಿಂದ ಗುಣಿಸಿ, ಬಂದಿದ್ದನ್ನು ಕ್ಯಾಲ್ಸಿಯಂಗೆ ಕೂಡಿಸಬೇಕು. ಅಪ್ಪನ ಅಲ್ಬುಮಿನ್ 2.2. ಅಂದರೆ ಕ್ಯಾಲ್ಸಿಯಂ 11.84! ಇದಕ್ಕೆ ಪೈಸೆ ಖರ್ಚಿಲ್ಲ. ಆದರೂ ಇದು ಅಂದಾಜೇ. ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರ್‌ನಲ್ಲಂತೂ ಒಮ್ಮೊಮ್ಮೆ ಉಲ್ಟಾ ಆಗುತ್ತದಂತೆ, ಆ ಕಾಯಿಲೆಯ ಪ್ರೋಟೀನೇ ಕ್ಯಾಲ್ಸಿಯಂ ಹಿಡಿದುಕೊಂಡು ಒಟ್ಟು ಅಂಕಿ ಸುಮ್ನೆ ಮೇಲೆ ಕಾಣಿಸುತ್ತದೆ.

ಅಡ್ಮಿಟ್ ಆದ ಮೇಲೆ ಅಯಾನೈಸ್ಡ್ ಕ್ಯಾಲ್ಸಿಯಂ. ಬಿಡಿ ಕ್ಯಾಲ್ಸಿಯಂನ್ನೇ ನೇರ ಅಳೆಯುತ್ತದೆ. ಇದರ ಅಳತೆ ಬೇರೆ, ಮಿಲಿಮೋಲ್‌ನಲ್ಲಿ: 1.3ರ ಆಸುಪಾಸು ದಾಟಬಾರದ್ದು 1.52 ಇತ್ತು, ಬ್ಲಡ್ ಗ್ಯಾಸ್ ಮಷೀನ್‌ನಲ್ಲಿ ಕೆಲವೇ ನಿಮಿಷದಲ್ಲಿ ಗೊತ್ತಾಯಿತು. ನನ್ನ ವೋಟು ಇದಕ್ಕೇ. ಆದರೆ ಮಹಾ ನಾಜೂಕು: ಮೊದಲ ಸಲ ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದಿದೆ ಅಂತ ಸಿಸ್ಟರ್ ಆ ರಕ್ತ ಎಸೆದು ಮತ್ತೆ ಚುಚ್ಚಿದರು. ಗಾಳಿ ತಾಗಿದರೆ ಅಂಕಿ ಕಡಿಮೆ ತೋರಿಸುತ್ತದೆ.

ಇನ್ನು ಕಾರಣ ಹುಡುಕುವ ಟೆಸ್ಟ್‌ಗಳು. ಪಿಟಿಎಚ್, ಅಂದರೆ ಪ್ಯಾರಾಥೈರಾಯ್ಡ್ ಗ್ರಂಥಿ ಸುರಿಸುವ, ಕ್ಯಾಲ್ಸಿಯಂ ಏರಿಸುವ ಹಾರ್ಮೋನ್, ಬೇಗ ಬಂತು, 7. ಕ್ಯಾಲ್ಸಿಯಂ ಏರಿರುವಾಗ ಇದು ಹೀಗೆ ಕುಗ್ಗಿದ್ದರೆ ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಯ ತಪ್ಪಲ್ಲ ಅಂತ. ಕುಗ್ಗದೇ ಇದ್ದಿದ್ದರೆ ಅಲ್ಲೊಂದು ಬೇರೆಯೇ ಕಾಯಿಲೆ ಹುಡುಕಬೇಕಿತ್ತು, ಕ್ಯಾನ್ಸರ್ ಇದ್ದವರಿಗೆ ಅದು ಬರಬಾರದು ಅಂತೇನಿಲ್ಲ ಅಲ್ವಾ.

ಪಿಟಿಎಚ್‌ಆರ್‌ಪಿ ಮಾತ್ರ ಜೇಬು ಸುಟ್ಟಿತು. ಗಡ್ಡೆಯೇ ತಯಾರಿಸುವ ನಕಲಿ ಪಿಟಿಎಚ್ ಅನ್ನಬಹುದು, 1987ರಲ್ಲಿ ಗುರುತಿಸಿದ್ದು, ಕ್ಯಾನ್ಸರ್‌ನಲ್ಲಿ ಕ್ಯಾಲ್ಸಿಯಂ ಏರಿದವರಲ್ಲಿ ಹತ್ತಕ್ಕೆ ಎಂಟು ಜನರಲ್ಲಿ ಇದೇ ಕಾರಣ. ರಕ್ತವನ್ನು ಐಸ್ ಮೇಲಿಟ್ಟು ಹೊರಗಿನ ಲ್ಯಾಬಿಗೆ ಕಳಿಸಿದರು, ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಸಲೈನ್ ಏರಿಸಿ, ಮೂಳೆಯಿಂದ ಕ್ಯಾಲ್ಸಿಯಂ ಕರಗಿ ಬರುವುದನ್ನು ತಡೆಯುವ ಜೋಲೆಡ್ರೋನಿಕ್ ಆಸಿಡ್ 4 ಮಿಲಿಗ್ರಾಂ ಕೊಟ್ಟು, ನಾಲ್ಕನೇ ದಿನ ಅಪ್ಪ ಎದ್ದು ಕೂತು ಪೇಪರ್ ಎಲ್ಲಿ ಅಂತ ಕೇಳಿ ಆಗಿತ್ತು. ರಿಪೋರ್ಟ್ ಜಾಸ್ತಿ ಅಂತಲೇ ಬಂತು, ಚಿಕಿತ್ಸೆಯಲ್ಲಿ ಒಂದು ಚೂರೂ ಬದಲಾಗಲಿಲ್ಲ. ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದ್ದವರಿಗೆ ಬೇರೆ ಲೆಕ್ಕ, ಅಲ್ಲಿ 1,25 ವಿಟಮಿನ್ ಡಿ (ವಿಟಮಿನ್ ಡಿಯ ಸಕ್ರಿಯ ರೂಪ) ನೋಡುತ್ತಾರೆ, ಅದು ಏರಿದ್ದರೆ ಸ್ಟೀರಾಯ್ಡ್ ಕೆಲಸ ಮಾಡುತ್ತದೆ.

ಈಗ ಮನೆಗೆ ರಕ್ತ ತೆಗೆಯಲು ಬರುವ ಹುಡುಗ ಪ್ರತಿ ಸಲ "ಕ್ಯಾಲ್ಸಿಯಂ ಒಂದೇ ತಾನೇ?" ಅನ್ನುತ್ತಾನೆ. ಚೀಟಿಯಲ್ಲಿ ಅಲ್ಬುಮಿನ್ ನಾನೇ ಬರೆದುಕೊಡುತ್ತೇನೆ.