ಮಗನ ಮರೆವು, ಸಿಟ್ಟು, ವಾರಕ್ಕೆರಡು ಕ್ಲಾಸ್: ಒಂದೂವರೆ ವರ್ಷದ ಅನುಭವ

ನನ್ನ ಮಗ ಈಗ ಐದನೇ ಕ್ಲಾಸ್. ಮೂರನೇ ಕ್ಲಾಸಿನ ಕೊನೆಗೆ ಶಾಲೆಯಿಂದ ದಿನಾ ದೂರು ಬರುತ್ತಿತ್ತು. ಕೂತಲ್ಲಿ ಕೂರಲ್ಲ, ಡೈರಿ ಬರೆಯಲ್ಲ, ಪಕ್ಕದವನಿಗೆ ಹೊಡೆಯುತ್ತಾನೆ ಅಂತ. ಬೈದೆವು, ಟ್ಯೂಷನ್ ಬದಲಿಸಿದೆವು, ಏನೂ ಆಗಲಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ ಎಡಿಎಚ್‌ಡಿ ಇದೆ ಎಂದರು, ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಕಲಬುರಗಿಯಲ್ಲೇ ಇರುವ, ಇಂಥ ಮಕ್ಕಳಿಗೆ ಕಲಿಸುವ ಒಂದು ಕೇಂದ್ರಕ್ಕೆ ಕಳಿಸಿದರು. ವಾರಕ್ಕೆ ಎರಡು ಸಲ, 45 ನಿಮಿಷ, ಒಂದು ಮಗುವಿಗೆ ಒಬ್ಬರೇ ಟೀಚರ್. ಕ್ಲಾಸಿಗೆ 500 ರೂಪಾಯಿ. ನಮ್ಮಂಥವರಿಗೆ ಇದು ಜಾಸ್ತಿಯೇ.

ಮೊದಲ ವಾರ ಮೇಡಂ ಪುಸ್ತಕ ತೆಗೆಯಲೇ ಇಲ್ಲ. ನನಗೇ ಹೋಂವರ್ಕ್ ಕೊಟ್ಟರು. ಸಿಟ್ಟು ಬರುವ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು, ಮೂರನ್ನೂ ಬರೆದಿಡಬೇಕು. ವಾರದ ಹಾಳೆ ನೋಡಿದಾಗ ಹೊಟ್ಟೆಯಲ್ಲಿ ಕಲಸಿದಂತಾಯಿತು. ಜಗಳವೆಲ್ಲಾ ಗಣಿತದ ಹೊತ್ತಿಗೇ. ಅವನು ಕಿರುಚಿದ ಕೂಡಲೇ ನಾನು ಬೇಸತ್ತು ಪುಸ್ತಕ ಮುಚ್ಚಿಡುತ್ತಿದ್ದೆ. ಅಂದರೆ ಕಿರುಚಿದರೆ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು ಎಂದು ಕಲಿಸಿದ್ದು ನಾನೇ ಅಲ್ವಾ?

"ನೋಡ್ರಿ, ಅವಗ ಬುದ್ಧಿ ಕಡಿಮಿ ಇಲ್ಲ. ಒಮ್ಮಿಗೆ ಮೂರು ಮಾತು ತಲ್ಯಾಗ ನಿಲ್ಲಂಗಿಲ್ಲ, ಅಷ್ಟೇ" ಎಂದರು ಮೇಡಂ. ಅವತ್ತಿನಿಂದ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇವೆ. ಬ್ಯಾಗ್, ಡಬ್ಬಿ, ಬೂಟು ಎಲ್ಲದರ ಚಿತ್ರ ಬಾಗಿಲಿಗೆ ಅಂಟಿಸಿದ್ದೇವೆ. ಹತ್ತು ನಿಮಿಷ ಲೆಕ್ಕ, ಆಮೇಲೆ ಐದು ನಿಮಿಷ ಓಡಾಟ. ಮಾಡುವ ಲೆಕ್ಕ ಒಂದೇ ಕಾಣಬೇಕು, ಉಳಿದವನ್ನು ಹಾಳೆಯಿಂದ ಮುಚ್ಚುತ್ತೇವೆ. ಕಿರುಚುವ ಬದಲು "ಸಾಕಾಗೇದ" ಎಂದು ಹೇಳಿದರೆ ಒಂದು ನಕ್ಷತ್ರ. ಹತ್ತು ನಕ್ಷತ್ರ ಆದರೆ ನಮ್ಮೂರಿನ 'ಅಪ್ಪನ ಕೆರೆ'ಗೆ ಸುತ್ತಾಡಲು ಹೋಗುವುದು. ಈಗ "ಅವ್ವ, ಟೈಮರ್ ಹಚ್ಚು" ಎಂದು ಅವನೇ ಕೇಳುತ್ತಾನೆ. ಮೊದಲ ಸಲ ಹಾಗೆ ಕೇಳಿದ ದಿನ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಬೇಸರವೂ ಇದೆ. ಟ್ಯಾಬ್‌ನಲ್ಲಿ ಆಡಿಸುವ ನೆನಪಿನ ಆಟಕ್ಕೆ ಬೇರೆ ದುಡ್ಡು ತೆಗೆದುಕೊಂಡರು. ಆ ಆಟದಲ್ಲಿ ಮಗ ಚುರುಕಾದ, ಡೈರಿ ಮರೆಯುವುದು ಮಾತ್ರ ಹಾಗೇ ಉಳಿಯಿತು. ಇಂಥ ಆಟಗಳ ಲಾಭ ಓದಿಗೆ ಅಷ್ಟಾಗಿ ಬರುವುದಿಲ್ಲ ಎಂದು ಸಂಶೋಧನೆಗಳೂ ಹೇಳುತ್ತವೆ. ನೀವು ನಿಮ್ಮ ಮಗುವನ್ನು ಇಂಥ ಕ್ಲಾಸಿಗೆ ಸೇರಿಸುವುದಾದರೆ ಈ ಆಟವನ್ನು ಬಿಟ್ಟುಬಿಡಿ. ಇನ್ನೊಂದು, ವರ್ಷದ ನಡುವೆ ಹೇಳದೆ ಕೇಳದೆ ಮೇಡಂನ ಬದಲಿಸಿದರು. ಮಗ ಮೂರು ವಾರ ಒಳಗೆ ಹೋಗಲು ಒಪ್ಪಲಿಲ್ಲ. ಇಂಥ ಮಕ್ಕಳಿಗೆ ಹೊಸಬರ ಪರಿಚಯ ಮೊದಲೇ ಮಾಡಿಸಬೇಕಿತ್ತು. ವರದಿ ಬರುವುದೂ ಇಂಗ್ಲಿಷಿನಲ್ಲೇ. ಸಂಜೆ ಅವನನ್ನು ನೋಡಿಕೊಳ್ಳುವುದು ನಮ್ಮ ಅತ್ತೆ, ಅವರು ಅದನ್ನು ಓದುವುದು ಹೇಗೆ? ನಾನು ಜಗಳ ಮಾಡಿದ ಮೇಲೆ ಕೇಂದ್ರದವರು ಕನ್ನಡದಲ್ಲಿ ಕೈಯಿಂದ ಬರೆದುಕೊಟ್ಟರು.

ಮಗನ ಕಿರುಚಾಟ, ಜಗಳ ಪೂರ್ತಿ ನಿಂತಿಲ್ಲ. ದಿನಾ ಆಗುತ್ತಿದ್ದುದು ವಾರಕ್ಕೊಮ್ಮೆ ಆಗಿದೆ. ಪೆನ್ಸಿಲ್ ಈಗಲೂ ಕಳೆಯುತ್ತಾನೆ. ಕ್ಲಾಸು ವಾರಕ್ಕೆ ಒಂದಕ್ಕೆ ಇಳಿಸಿದ್ದೇವೆ. ಆ ಕನ್ನಡದ ಹಾಳೆಯ ಒಂದು ಪ್ರತಿ ಶಾಲೆಯ ಟೀಚರ್‌ಗೂ ಕೊಟ್ಟೆ. ಅವರು ಅವನನ್ನು ಮುಂದಿನ ಬೆಂಚಿಗೆ ಕೂರಿಸಿದ್ದಾರೆ. ನಡುನಡುವೆ ಎದ್ದು ಬೋರ್ಡ್ ಒರೆಸುವ ಕೆಲಸ ಈಗ ಅವನದೇ.